ಕ್ರಿಯಾಪದದ ಗೆಣ್ಣು

ಕಬ್ಬನ್ನು ಕಡಿಯುವವರಲ್ಲಿ ಎರಡು ಬಗೆ. ಗಾಣದವನು ಗಾಣದ ಬಾಯಿಗೆ ಎಷ್ಟುದ್ದದ ತುಂಡು ಹಿಡಿಸುತ್ತದೆಂದು ನೋಡಿ ಕಡಿಯುತ್ತಾನೆ. ಅವನಿಗೆ ಬೇಕಾದದ್ದು ರಸ. ಕತ್ತಿ ಗೆಣ್ಣಿನ ಮೇಲೆ ಬಿತ್ತೋ ಗೆಣ್ಣುಗಳ ನಡುವೆ ಬಿತ್ತೋ ಎಂಬ ಚಿಂತೆ ಅವನಿಗಿಲ್ಲ. ನಾಟಿ ಮಾಡುವವನು ಹಾಗಲ್ಲ. ಪ್ರತಿಯೊಂದು ತುಂಡಿನಲ್ಲಿಯೂ ಕಣ್ಣು ಉಳಿಯಬೇಕು, ಕಣ್ಣಿಗೆ ಗಾಯವಾಗಬಾರದು. ಆ ತುಂಡು ಮಣ್ಣಿನಲ್ಲಿ ಮತ್ತೆ ಮೊಳೆಯಬೇಕಲ್ಲ! ಮಂಡ್ಯದ ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಯ ನೆರೆಯಲ್ಲಿರುವ ನಮ್ಮ ವಿಶಾಖಪಟ್ಟಣದ ಬಂಧುಗಳಿಗೂ ಹೇಳಬೇಕಾಗಿಲ್ಲ.

ಮಾತನ್ನು ಕಡಿಯುವುದರಲ್ಲಿಯೂ ಇಂಥವೇ ಎರಡು ಕ್ರಮಗಳಿವೆ. ಒಂದು, ಬಾಯಿಗೆ ಅನುಕೂಲವಾದಂತೆ ಕಡಿಯುವುದು. ‘ಬಂದನು’ ಎಂಬುದನ್ನು ಬಂ-ದ-ನು ಎಂದು ಮೂರು ತುಂಡು ಮಾಡಿದರೆ ಅದು ಉಚ್ಚಾರಣೆಯ ಲೆಕ್ಕ. ಇನ್ನೊಂದು, ಅರ್ಥಕ್ಕೆ ತಕ್ಕಂತೆ ಕಡಿಯುವುದು. ಬರು ಎಂಬುದು ಧಾತು, ದ ಎಂಬುದು ಕಳೆದ ಕಾಲವನ್ನು ಹೇಳುವ ಪ್ರತ್ಯಯ, ಅನು ಎಂಬುದು ಬಂದವನು ಒಬ್ಬ ಗಂಡಸು ಎಂದು ಹೇಳುವ ಆಖ್ಯಾತ ಪ್ರತ್ಯಯ. ಇಲ್ಲಿಯೂ ಮೂರೇ ತುಂಡು. ಆದರೆ ಆ ಮೂರು ಬೇರೆ, ಈ ಮೂರು ಬೇರೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರ ಎದುರು ನಿಂತು ‘ಧಾತು, ಕಾಲಸೂಚಕ, ಆಖ್ಯಾತ’ ಎಂದು ಒಪ್ಪಿಸಿದ ನಮ್ಮ ತಲೆಮಾರಿನವರಿಗೆ ಇದು ಮರೆತ ಪಾಠ. ಊರು ಬಿಟ್ಟು ಬಂದ ಮೇಲೆ ಹುಟ್ಟಿದ ನಮ್ಮ ಮಕ್ಕಳು ಮೊಮ್ಮಕ್ಕಳಿಗಂತೂ ಇದು ಕೇಳಿಯೇ ಇಲ್ಲದ ಪಾಠ.

ನಮ್ಮ ಮನೆಯಲ್ಲಿ ಈ ಪಾಠ ಮತ್ತೆ ತೆರೆದುಕೊಂಡದ್ದು ಫ್ರೆಂಚ್ ಭಾಷೆಯ ದೆಸೆಯಿಂದ. ದ್ವಾರಕಾ ನಗರದ ಮನೆಯೊಳಗೆ ಫ್ರೆಂಚ್ ಎಲ್ಲಿಂದ ಬಂತು ಎಂದು ಓದುಗರು ಹುಬ್ಬೇರಿಸಬೇಡಿ. ಬೊಬ್ಬಿಲಿ ಯುದ್ಧದ ಕಥೆಯಲ್ಲಿ ಬರುವ ಬುಸ್ಸಿ ಎಂಬ ಫ್ರೆಂಚ್ ಸೇನಾನಿ 1757ರಲ್ಲಿ ಇದೇ ವಿಶಾಖಪಟ್ಟಣದ ಇಂಗ್ಲಿಷರ ಕೋಠಿಯನ್ನು ವಶಪಡಿಸಿಕೊಂಡಿದ್ದ. ಕಾಕಿನಾಡದಾಚೆಗಿನ ಯಾನಾಮಿನಲ್ಲಿ 1954ರವರೆಗೂ ಫ್ರೆಂಚರ ಆಡಳಿತವೇ ನಡೆಯುತ್ತಿತ್ತು. ಈಗ ಬುಸ್ಸಿಯ ಕುದುರೆಯೂ ಇಲ್ಲ, ಯಾನಾಮಿನ ಫ್ರೆಂಚ್ ಧ್ವಜವೂ ಇಲ್ಲ. ಫ್ರೆಂಚ್ ಭಾಷೆ ಬರುವುದು ಶಾಲೆಯ ಚೀಲದಲ್ಲಿ. ಎಂಟನೆಯ ತರಗತಿಯ ಮೊಮ್ಮಗಳು ಅದನ್ನು ಆರಿಸಿಕೊಂಡಿದ್ದಾಳೆ. ನಾನು ಆ ಭಾಷೆಯನ್ನು ಕಲಿತವನಲ್ಲ. ಅವಳ ಪುಸ್ತಕದ ಮಗ್ಗುಲಲ್ಲಿ ಕೂತು, ಅವಳು ಹೇಳಿಕೊಟ್ಟಷ್ಟನ್ನು ತಿಳಿದುಕೊಂಡವನು.

ಅವಳಿಗೆ ಕೊಟ್ಟಿದ್ದ ಅಭ್ಯಾಸ ಹೀಗಿತ್ತು. ಒಂದು ಪಟ್ಟಿಯಲ್ಲಿ ಹತ್ತಿಪ್ಪತ್ತು ಕ್ರಿಯಾಪದಗಳು. ಎಡಗಡೆ ಅವುಗಳನ್ನು ಉಚ್ಚಾರಣೆಯ ತುಂಡುಗಳಾಗಿ ಬಿಡಿಸಬೇಕು; ಬಲಗಡೆ ಅವುಗಳನ್ನೇ ಅರ್ಥದ ತುಂಡುಗಳಾಗಿ ಬಿಡಿಸಬೇಕು. ಪಾರ್ಲೆ ಎಂದರೆ ಮಾತಾಡುವುದು. ‘ನಾವು ಮಾತಾಡುತ್ತೇವೆ’ ಎನ್ನಲು ನೂ ಪಾರ್ಲೋಂ. ಉಚ್ಚಾರಣೆಗೆ ಪಾರ್-ಲೋಂ ಎಂದು ಎರಡು ತುಂಡು. ಅರ್ಥಕ್ಕೆ ಪಾರ್ಲ್ ಎಂಬ ಮೂಲ, ಓಂ ಎಂಬ ಬಾಲ. ಲ್ ಎಂಬ ವ್ಯಂಜನ ಎಡಗಡೆಯ ಲೆಕ್ಕದಲ್ಲಿ ಬಾಲಕ್ಕೆ ಸೇರಿತು, ಬಲಗಡೆಯ ಲೆಕ್ಕದಲ್ಲಿ ಮೂಲಕ್ಕೆ ಸೇರಿತು. ‘ನಾವು ತೆರೆಯುತ್ತೇವೆ’ ಎನ್ನಲು ನೂ ಝೂವ್ರೋಂ. ಅದರಲ್ಲಿ ಕ್ರಿಯಾಪದ ಊವ್ರೋಂ ಮಾತ್ರ. ಬಾಯಿ ಅದನ್ನು ಊ-ವ್ರೋಂ ಎಂದು ಒಡೆಯುತ್ತದೆ, ವ್ಯಾಕರಣ ಊವ್ರ್-ಓಂ ಎಂದು ಒಡೆಯುತ್ತದೆ. ಇನ್ನು ಆ ಝೂ ಎಲ್ಲಿಂದ ಬಂತೆಂದರೆ, ಹಿಂದಿನ ನೂ ಎಂಬ ಸರ್ವನಾಮದ ಕೊನೆಯಲ್ಲಿ ಬರೆದು ಓದದೆ ಬಿಟ್ಟ ಎಸ್ ಅಕ್ಷರ, ಮುಂದೆ ಸ್ವರ ಸಿಕ್ಕಿದೊಡನೆ ಎದ್ದು ಬಂದು ಪಕ್ಕದ ಮನೆಯಲ್ಲಿ ಕೂತಿದೆ!

ಮೊಮ್ಮಗಳಿಗೆ ಎಡಗಡೆಯ ಕೆಲಸ ಸುಲಭವಾಯಿತು, ಚಪ್ಪಾಳೆ ತಟ್ಟಿದಂತೆ ಎಣಿಸಿಬಿಟ್ಟಳು. ಬಲಗಡೆಯದು ಹತ್ತಲಿಲ್ಲ. “ತಾತ, ಎರಡು ಸಲ ಯಾಕೆ ಕಡೀಬೇಕು? ಒಂದು ಸಲ ಕಡಿದ್ರೆ ಸಾಲ್ದಾ?” ಎಂದಳು. ಆಗ ಗಾಣದವನ ಮತ್ತು ನಾಟಿಯವನ ಮಾತು ನನಗೆ ಹೊಳೆಯಿತು. “ಗಾಣಕ್ಕೆ ಕಡಿದ ತುಂಡನ್ನು ಹೂಳಿದರೆ ಮೊಳೆಯಬಹುದು, ಮೊಳೆಯದೆಯೂ ಇರಬಹುದು. ಕಣ್ಣು ನೋಡಿ ಕಡಿದದ್ದು ಮೊಳೆಯುತ್ತದೆ. ಪಾರ್ಲ್ ಬೇರೆ, ಓಂ ಬೇರೆ ಎಂದು ಗೊತ್ತಾದರೆ ಆ ಓಂ ಅನ್ನು ಇನ್ನೂ ಸಾವಿರ ಧಾತುಗಳಿಗೆ ನೀನೇ ಹಚ್ಚಬಹುದು, ಯಾರನ್ನೂ ಕೇಳಬೇಕಾಗಿಲ್ಲ” ಎಂದೆ. ಅವಳಿಗೆ ಅದು ಹಿಡಿಸಿತು. “ಹಾಗಾದ್ರೆ ಕನ್ನಡದಲ್ಲೂ ಕಡಿಯೋಣ” ಎಂದಳು. ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಕನ್ನಡ ಕ್ರಿಯಾಪದಗಳ ಕಡಿತ ಆರಂಭವಾಯಿತು.

ಮೊದಲನೆಯ ತೊಡಕು ನಮ್ಮ ಲಿಪಿಯದೇ. ರೋಮನ್ ಲಿಪಿಯಲ್ಲಿ ವ್ಯಂಜನ ಬೇರೆ, ಸ್ವರ ಬೇರೆ. ಯಾವ ಎರಡು ಅಕ್ಷರಗಳ ನಡುವೆ ಬೇಕಾದರೂ ಗೆರೆ ಎಳೆಯಬಹುದು. ನಮ್ಮಲ್ಲಿ ವ್ಯಂಜನವೂ ಸ್ವರವೂ ಬೆಸೆದು ಒಂದೇ ಅಕ್ಷರವಾಗಿರುತ್ತವೆ. ‘ಬಂದನು’ ಎಂಬಲ್ಲಿ ನಡುವಿನ ದ ಎಂಬ ಅಕ್ಷರವನ್ನು ನೋಡಿ. ಅದರೊಳಗಿನ ದ್ ಕಾಲವನ್ನು ಹೇಳುತ್ತದೆ. ಅದರೊಳಗಿನ ಅ ಮುಂದಿನ ‘ಅನು’ವಿನ ಮೊದಲ ಸ್ವರ. ಅಂದರೆ ಗೆಣ್ಣು ಅಕ್ಷರದ ಹೊಟ್ಟೆಯೊಳಗಿದೆ, ಮೇಲಿಂದ ಕಾಣುವುದಿಲ್ಲ. ಬಾಲ್ಯದಿಂದ ಕಾಗುಣಿತವನ್ನು ತಿದ್ದಿದವರಿಗೆ ಈ ಬೆಸುಗೆ ಎಷ್ಟು ಸಹಜವೆಂದರೆ ಅದನ್ನು ಬಿಚ್ಚಬಹುದೆಂಬ ಯೋಚನೆಯೇ ಬರುವುದಿಲ್ಲ. ಮೊಮ್ಮಗಳು ಕನ್ನಡವನ್ನು ಕಿವಿಯಿಂದ ಕಲಿತವಳು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ನನಗಿಂತ ಮೊದಲೇ ಗೆಣ್ಣನ್ನು ಹಿಡಿದಳು! ಆದರೆ ಬರು ಹೇಗೆ ‘ಬಂ’ ಆಯಿತು ಎಂಬ ಅವಳ ಪ್ರಶ್ನೆಗೆ, ತರು ‘ತಂದ’ ಆದಂತೆ ಎಂದು ಜೊತೆಗೊಂದನ್ನು ತೋರಿಸುವುದಷ್ಟೇ ನನ್ನಿಂದಾಯಿತು. ಫ್ರೆಂಚಿನಲ್ಲಿಯೂ ಇಂಥ ವೇಷ ಮರೆಸಿಕೊಂಡ ಧಾತುಗಳಿಗೆ ಕೊರತೆಯಿಲ್ಲ. ಆಲೆ ಎಂದರೆ ಹೋಗುವುದು. ಆದರೆ ‘ನಾನು ಹೋಗುತ್ತೇನೆ’ ಎನ್ನಬೇಕಾದರೆ ಜ ವೆ. ಧಾತುವೇ ನಾಪತ್ತೆ!

ಎರಡನೆಯ ಸಂಗತಿ ನನಗೇ ಅಚ್ಚರಿಯಾಗಿ ಕಂಡದ್ದು. ‘ಮಾಡುತ್ತಾನೆ’ ಎಂಬುದನ್ನು ಬರೆಯುವಾಗ ಮಾ-ಡು-ತ್ತಾ-ನೆ ಎಂದು ನಾಲ್ಕು ಅಕ್ಷರ. ಒತ್ತಕ್ಷರ ಪೂರ್ತಿಯಾಗಿ ಮುಂದಿನ ಮನೆಗೆ ಸೇರಿದೆ. ಆದರೆ ಗುರು ಲಘು ಹಾಕಿ ನೋಡಿ. ಡು ಹ್ರಸ್ವವಾದರೂ ಲಘುವಲ್ಲ. ಒತ್ತಕ್ಷರದ ಹಿಂದಿನ ಅಕ್ಷರವಾದ್ದರಿಂದ ಗುರು. ಏಕೆ? ಬಾಯಿಯಲ್ಲಿ ಅದು ಮಾ-ಡುತ್-ತಾ-ನೆ ಎಂದೇ ಒಡೆಯುತ್ತದೆ. ಮೊದಲ ತ್ ಹಿಂದಿನ ಡುವಿಗೆ ಭಾರ ಕೊಡುತ್ತದೆ. ಫ್ರೆಂಚಿನವರು ‘ನಾವು ಮುಗಿಸುತ್ತೇವೆ’ ಎಂಬ ಫಿನಿಸೋಂ ಪದವನ್ನು ಸಾಲಿನ ತುದಿಯಲ್ಲಿ ಒಡೆಯಬೇಕಾದಾಗ ಎರಡು ಎಸ್‌ಗಳ ನಡುವೆ ಗೆರೆ ಹಾಕಿ ಫಿ-ನಿಸ್-ಸೋಂ ಎಂದು ಒಡೆಯುತ್ತಾರೆ. ಅರ್ಥಕ್ಕೆ ಒಡೆದರೆ ಫಿನ್-ಇಸ್-ಓಂ. ನಮ್ಮ ಛಂದಸ್ಸಿನವರು ಗೆರೆ ಎಳೆಯದೆ, ನೆತ್ತಿಯ ಮೇಲೆ ಗುರುವಿನ ಗುರುತು ಹಾಕಿ ಅದೇ ಮಾತನ್ನು ಹೇಳಿದ್ದಾರೆ. ಅಂತೂ ಕನ್ನಡದವನ ಕೈಯಲ್ಲಿ ಮೂರು ಕತ್ತಿಗಳಿವೆ: ಕಾಗುಣಿತದ್ದೊಂದು, ಛಂದಸ್ಸಿನದೊಂದು, ವ್ಯಾಕರಣದ್ದೊಂದು. ಒಂದೇ ‘ಮಾಡುತ್ತಾನೆ’ಯನ್ನು ಮೂರೂ ಮೂರು ಕಡೆ ಕಡಿಯುತ್ತವೆ. ವ್ಯಾಕರಣದ ಕತ್ತಿಗೆ ಅದು ಮಾಡು, ಉತ್ತ, ಆನೆ.

ಕೆಲವು ಸಲ ತುಂಡುಗಳ ನಡುವೆ ಯಾರ ಮನೆಯವನೂ ಅಲ್ಲದ ಒಬ್ಬ ಬಂದು ಕೂತಿರುತ್ತಾನೆ. ‘ಮಾಡು’ವಿಗೆ ‘ಅಲು’ ಸೇರಿದರೆ ಉ ಬಿಟ್ಟುಹೋಗಿ ‘ಮಾಡಲು’ ಆಗುತ್ತದೆ, ಲೋಪ ಸಂಧಿ. ‘ಕರೆ’ಗೆ ಅದೇ ‘ಅಲು’ ಸೇರಿದರೆ ‘ಕರೆಯಲು’. ಈ ಯಕಾರ ಧಾತುವಿನದೂ ಅಲ್ಲ, ಪ್ರತ್ಯಯದ್ದೂ ಅಲ್ಲ. ಎರಡು ಸ್ವರಗಳು ಢಿಕ್ಕಿ ಹೊಡೆಯದಿರಲಿ ಎಂದು ನಡುವೆ ನಿಂತ ಮಧ್ಯಸ್ಥ, ಆಗಮ ಸಂಧಿ. “ಇದು ನಮಗೂ ಇದೆ!” ಎಂದು ಮೊಮ್ಮಗಳು ಕೂಗಿದಳು. ‘ಅವನು ಮಾತಾಡುತ್ತಾನೆ’ ಎನ್ನಲು ಈಲ್ ಪಾರ್ಲ್. ಅದನ್ನೇ ಪ್ರಶ್ನೆಯಾಗಿ ತಿರುಗಿಸಿದರೆ ಪಾರ್ಲ್-ತ್-ಈಲ್. ನಡುವಿನ ಆ ತ್ ಯಾರಿಗೂ ಸೇರಿದ್ದಲ್ಲ. ಬರೆಯುವಾಗ ಅದರ ಎರಡೂ ಕಡೆ ಗೆರೆ ಎಳೆದು ಒಂಟಿಯಾಗಿ ನಿಲ್ಲಿಸುತ್ತಾರೆ. ‘ನಾವು ತಿನ್ನುತ್ತೇವೆ’ ಎಂಬ ಮಾಂಝೋಂ ಪದದಲ್ಲಿಯೂ ಬರವಣಿಗೆಯಲ್ಲಿ ಒಂದು ಇ ಅಕ್ಷರ ಹೆಚ್ಚಿಗೆ ಕೂತಿದೆ. ಅದು ಇಲ್ಲದಿದ್ದರೆ ಜಿ ಅಕ್ಷರವನ್ನು ಗ ಎಂದು ಓದಿಬಿಡುವ ಭಯ, ಅದಕ್ಕಾಗಿ ಕಾವಲು. ‘ನಮಗೂ ಇದೆ’ ಎಂದು ಅವಳು ಹೇಳಿದಾಗ ‘ನಮಗೆ’ ಎಂದರೆ ಫ್ರೆಂಚಿಗೋ ಕನ್ನಡಕ್ಕೋ ಎಂದು ನಾನು ಕೇಳಲಿಲ್ಲ.

ಬಾಲಗಳ ಚರಿತ್ರೆಯೂ ಸ್ವಾರಸ್ಯವಾದದ್ದೇ. ಇಂದು ಬಾಲವಾಗಿರುವುದು ಹಿಂದೆ ಎಂದೋ ತಾನೇ ಒಂದು ಪೂರ್ಣ ಪದವಾಗಿದ್ದಿರಬಹುದು. ಫ್ರೆಂಚಿನ ಭವಿಷ್ಯತ್ಕಾಲ ಹೀಗೆ ಹುಟ್ಟಿದ್ದು. ‘ನಾನು ಮಾತಾಡುವೆನು’ ಎಂಬುದಕ್ಕೆ ಜ ಪಾರ್ಲರೆ. ಇದನ್ನು ಬಿಚ್ಚಿದರೆ ಮೊದಲಿಗೆ ಪಾರ್ಲೆ ಎಂಬ ಪೂರ್ಣ ರೂಪ. ಅದರ ಹಿಂದೆ ‘ನನಗುಂಟು’ ಎಂಬರ್ಥದ ಎ. ಲ್ಯಾಟಿನ್ ಆಡುತ್ತಿದ್ದ ಕಾಲದಲ್ಲಿ ‘ಮಾತಾಡುವುದು ನನಗುಂಟು’ ಎಂದು ಎರಡು ಪದಗಳಾಗಿದ್ದದ್ದು ಸವೆದು ಸವೆದು ಒಂದಾಯಿತು. ನಮ್ಮ ‘ಮಾಡುತ್ತಿದ್ದೇನೆ’ಯೂ ಹಾಗೆಯೇ: ಮಾಡುತ್ತ, ಇದ್ದೇನೆ. ‘ಬಂದಿದ್ದಾನೆ’ ಎಂದರೆ ಬಂದು, ಇದ್ದಾನೆ. ನೆರೆಯ ತೆಲುಗಿನವರ ‘ಚೇಸ್ತುನ್ನಾನು’ ಎಂದರೆ ಚೇಸ್ತು, ಉನ್ನಾನು. ಅವರ ‘ಉನ್ನಾನು’ವೂ ನಮ್ಮ ‘ಇದ್ದೇನೆ’ಯೂ ಒಂದೇ ಕೆಲಸ ಮಾಡುತ್ತವೆ.

ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದಾಗ ಆಖ್ಯಾತಕ್ಕೆ ಒಂದು ಪ್ರಕರಣ, ಧಾತುವಿಗೆ ಇನ್ನೊಂದು ಪ್ರಕರಣವನ್ನು ಇಟ್ಟ. ಅವನ ಕಾಲದ ವರ್ತಮಾನಕ್ಕೆ ‘ದಪ’ ಎಂಬ ಗುರುತಿತ್ತು. ಮಾಡಿದಪಂ ಎಂದರೆ ಮಾಡುತ್ತಾನೆ. ಆ ‘ದಪ’ ಇಂದು ನಮ್ಮ ಬಾಯಲ್ಲಿ ಉಳಿದಿಲ್ಲ. ಅದರ ಜಾಗಕ್ಕೆ ‘ಉತ್ತ’ ಬಂದು ಕೂತಿದೆ. ಧಾತು ಮಾತ್ರ ‘ಮಾಡು’ವೇ. ಇನ್ನೊಂದು ಚಮತ್ಕಾರವನ್ನೂ ಹಳಬರು ಬಲ್ಲವರಾಗಿದ್ದರು. ‘ಮಾಡೆನು’ ಎಂಬುದನ್ನು ಕಡಿದು ನೋಡಿ: ಮಾಡು, ಎನು. ನಡುವೆ ಕಾಲದ ಗುರುತೇ ಇಲ್ಲ! ಆ ಖಾಲಿ ಜಾಗವೇ ‘ಇಲ್ಲ’ ಎಂದು ಹೇಳುತ್ತದೆ. ನಾವು ಈಗ ಅದನ್ನು ಬಿಟ್ಟು ‘ಮಾಡುವುದಿಲ್ಲ’ ಎನ್ನುತ್ತೇವೆ. ‘ಅರಿಯೆ’ ಎಂಬಂಥ ಒಂದೆರಡು ಕಡೆ ಅದು ಉಳಿದಿದೆ. ತೆಲುಗಿನವರಾದರೋ ‘ಚೇಯನು’ ಎಂದು ಇಂದಿಗೂ ಬೀದಿಯಲ್ಲಿ ಆಡುತ್ತಾರೆ. ನಾವು ಪುಸ್ತಕದಲ್ಲಿಟ್ಟು ಬೀಗ ಹಾಕಿದ ಒಡವೆಯನ್ನು ನೆರೆಯವರು ನಿತ್ಯ ತೊಟ್ಟು ಓಡಾಡುತ್ತಿರುವುದನ್ನು ನೋಡುವ ಭಾಗ್ಯ ಹೊರನಾಡ ಕನ್ನಡಿಗನಿಗೆ ಮಾತ್ರ ಉಂಟು.

ಬಾಲ ಸವೆದರೆ ಏನಾಗುತ್ತದೆ ಎಂಬುದಕ್ಕೆ ಫ್ರೆಂಚೇ ಸಾಕ್ಷಿ. ‘ಅವರು ಮಾತಾಡುತ್ತಾರೆ’ ಎನ್ನಲು ಪಿ-ಎ-ಆರ್-ಎಲ್-ಇ-ಎನ್-ಟಿ ಎಂದು ಏಳು ಅಕ್ಷರ ಬರೆಯುತ್ತಾರೆ. ಓದುವುದು ಪಾರ್ಲ್ ಎಂದಷ್ಟೆ. ‘ನಾನು’, ‘ನೀನು’, ‘ಅವನು’, ‘ಅವಳು’, ‘ಅವರು’ ಎಲ್ಲಕ್ಕೂ ಕಿವಿಗೆ ಕೇಳುವುದು ಅದೇ ಪಾರ್ಲ್. ಬಾಲವೆಲ್ಲ ಕಾಗದದ ಮೇಲೆ! ಆದ್ದರಿಂದಲೇ ಅವರು ಪ್ರತಿ ಸಲವೂ ಕ್ರಿಯಾಪದದ ಮುಂದೆ ಜ, ತು, ಈಲ್ ಎಂದು ಸರ್ವನಾಮವನ್ನು ಹೇಳಲೇಬೇಕು. ನಮಗೆ ಆ ಕಷ್ಟವಿಲ್ಲ. ‘ಬರುತ್ತಾಳೆ’ ಎಂದರೆ ಸಾಕು, ಬರುವವಳು ಯಾರೋ ಹೆಣ್ಣುಮಗಳು ಎಂದು ಗೊತ್ತಾಯಿತು. ಆದರೆ ನಾವು ಪೂರ್ತಿ ಬೀಗಬೇಕಾಗಿಲ್ಲ. ‘ಬಂದೆನು’ವಿನ ನು ಉದುರಿ ‘ಬಂದೆ’ ಆದ ಮೇಲೆ, ಬಂದವನು ನಾನೋ ನೀನೋ ಎಂದು ಆ ಒಂದೇ ಪದದಿಂದ ಹೇಳಲು ಬರುವುದಿಲ್ಲ. ಸವೆತ ನಮ್ಮಲ್ಲಿಯೂ ನಡೆದೇ ಇದೆ. ನಮ್ಮ ಸಂಘದ ಯಾವುದಾದರೂ ಕೂಟದಲ್ಲಿ ಕಿವಿ ಕೊಟ್ಟು ಕೇಳಿ: ಮೈಸೂರಿನವರ ಮಾಡ್ತೀನಿ, ಮಂಗಳೂರಿನವರ ಮಾಡ್ತೇನೆ, ಧಾರವಾಡದವರ ಮಾಡ್ತೇನಿ, ಕುಂದಾಪುರದವರ ಮಾಡ್ತೆ. ಉಚ್ಚಾರಣೆಯ ತುಂಡು ನಾಲ್ಕಿದ್ದದ್ದು ಮೂರಾಗಿದೆ, ಕುಂದಾಪುರದಲ್ಲಿ ಎರಡೇ ಆಗಿದೆ. ಅರ್ಥದ ತುಂಡುಗಳು ಮಾತ್ರ ಎಲ್ಲ ಕಡೆಯೂ ಮೂರೇ: ಕೆಲಸ ಯಾವುದು, ಕಾಲ ಯಾವುದು, ಮಾಡುವವನು ಯಾರು.

ಇಷ್ಟು ಹೊತ್ತು ವ್ಯಾಕರಣವನ್ನು ವಿನೋದಕ್ಕಾಗಿ ಹೇಳಿದೆನೆಂದು ತಿಳಿಯಬೇಡಿ. ಇದರಲ್ಲಿ ನಮ್ಮ ಮನೆಯ ಒಂದು ನೋವಿನ ಸಂಗತಿಯೂ ಸೇರಿಕೊಂಡಿದೆ.

ಎರಡು ವರ್ಷಗಳ ಕೆಳಗೆ ಊರಿನ ಕಡೆ ನೆಂಟರ ಮನೆಯ ಮದುವೆಗೆ ಹೋಗಿದ್ದೆವು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಓಡಿಬಂದು, “ಅತ್ತೆ ಬಂತು, ಅತ್ತೆ ಬಂತು!” ಎಂದು ಸಂಭ್ರಮದಿಂದ ಸಾರಿದಳು. ಪಡಸಾಲೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. “ಅತ್ತೆ ಏನು ಹಸುವೇನೇ?” ಎಂದು ಒಬ್ಬರು, “ಬಸ್ಸು ಬಂತು ಅಂದ ಹಾಗಾಯ್ತು” ಎಂದು ಇನ್ನೊಬ್ಬರು. ಯಾರೂ ಕೆಟ್ಟ ಮನಸ್ಸಿನಿಂದ ನಕ್ಕವರಲ್ಲ. ಹುಡುಗಿಯ ಮುಖ ಮಾತ್ರ ಸಣ್ಣದಾಯಿತು. ಆ ಮೂರು ದಿನ ಅವಳು ಯಾರೊಡನೆಯೂ ಕನ್ನಡದಲ್ಲಿ ಮಾತಾಡಲಿಲ್ಲ. ಊರಿನಿಂದ ಬಂದ ಮೇಲೂ ಅಲ್ಲಿಯವರು ಫೋನ್ ಮಾಡಿದರೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ತನ್ನ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ತಪ್ಪಾಗುತ್ತದೆ ಎಂಬ ಭಯಕ್ಕಿಂತ ನಗುತ್ತಾರೆ ಎಂಬ ಭಯ ದೊಡ್ಡದು. ಹೊರನಾಡಿನಲ್ಲಿ ಎಷ್ಟು ಮಕ್ಕಳ ಕನ್ನಡ ಇಂಥ ಒಂದು ನಗೆಯಲ್ಲಿ ನಿಂತುಹೋಗಿದೆಯೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅವಳು ‘ಬಂತು’ ಎಂದದ್ದು ಏಕೆ? ತೆಲುಗಿನಲ್ಲಿ ‘ಅಮ್ಮ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’. ಒಬ್ಬ ಹೆಣ್ಣುಮಗಳಿಗೂ ಒಂದು ವಸ್ತುವಿಗೂ ಅಲ್ಲಿ ಒಂದೇ ಬಾಲ. ಗಂಡಸಿಗೆ ಮಾತ್ರ ಬೇರೆ: ‘ವಚ್ಚಾಡು’. ಇದರಲ್ಲಿ ಹೆಂಗಸರಿಗೆ ಅಗೌರವವೇನೂ ಇಲ್ಲ. ಬಹುವಚನಕ್ಕೆ ಬಂದರೆ ಹೆಂಗಸರೂ ಗಂಡಸರೂ ‘ವಚ್ಚಾರು’ ಎಂದು ಒಂದಾಗುತ್ತಾರೆ. ದ್ರಾವಿಡ ಕುಟುಂಬದ ಬೇರೆ ಕೆಲವು ಭಾಷೆಗಳಲ್ಲಿಯೂ ಇದೇ ಏರ್ಪಾಡು ಇದೆ. ನಾವು ‘ಆನೆ, ಆಳೆ, ಅದೆ’ ಎಂದು ಮೂರು ಪಾಲು ಮಾಡುವಲ್ಲಿ ಅವರು ಎರಡೇ ಪಾಲು ಮಾಡಿದ್ದಾರೆ. ನಾವೂ ‘ಮಗು ಬಂತು’ ಎನ್ನುವುದಿಲ್ಲವೇ? ಓಣಿಯಲ್ಲಿ, ಅಂಗಡಿಯಲ್ಲಿ, ಶಾಲೆಯ ವ್ಯಾನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ‘ಅಕ್ಕ ವಚ್ಚಿಂದಿ, ಟೀಚರ್ ಚೆಪ್ಪಿಂದಿ’ ಎಂದು ಕೇಳುವ ಮಗುವಿನ ಕನ್ನಡದಲ್ಲಿ ‘ಅತ್ತೆ ಬಂತು’ ಬಾರದಿದ್ದರೇ ಆಶ್ಚರ್ಯ.

ಫ್ರೆಂಚಿನ ಪಟ್ಟಿ ಮುಗಿದ ರಾತ್ರಿ ಅವಳೇ ಮೂರು ಭಾಷೆಗಳನ್ನು ಅಕ್ಕಪಕ್ಕ ಬರೆದುಕೊಂಡು ಬಂದಳು. “ತಾತ, ಇಲ್ಲಿ ನೋಡು. ಫ್ರೆಂಚಲ್ಲಿ ಅವನಿಗೂ ಅವಳಿಗೂ ಒಂದೇ ಬಾಲ. ತೆಲುಗಲ್ಲಿ ಅವಳಿಗೂ ಅದಕ್ಕೂ ಒಂದೇ ಬಾಲ. ನಮ್ದು ಮೂರಕ್ಕೂ ಬೇರೆ ಬೇರೆನಾ?” “ಹೌದಮ್ಮ, ನಮ್ದು ಮೂರು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಮದುವೆ ಮನೇಲಿ ನಾನು ತೆಲುಗು ಬಾಲ ಹಾಕಿದ್ದೆ, ಅಷ್ಟೇ” ಎಂದಳು. ಎರಡು ವರ್ಷ ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂಬುದು ನನಗೆ ಆಗ ತಿಳಿಯಿತು. ತನಗೆ ಬುದ್ಧಿಯಿಲ್ಲವೆಂದು ನಕ್ಕರು ಎಂದುಕೊಂಡಿದ್ದ ಮಗುವಿಗೆ, ತನ್ನ ಮಾತಿನಲ್ಲಿ ಎಲ್ಲಿ, ಯಾವ ಗೆಣ್ಣಿನಲ್ಲಿ, ಯಾವ ಭಾಷೆಯ ತುಂಡು ಸೇರಿತೆಂದು ತಾನೇ ಬೆರಳಿಟ್ಟು ತೋರಿಸಲು ಬಂತು. ಮರುವಾರ ಊರಿನಿಂದ ಫೋನ್ ಬಂದಾಗ ಅವಳು ಅದನ್ನು ತಾಯಿಯ ಕೈಗೆ ಕೊಡಲಿಲ್ಲ.

ಇದನ್ನು ನೋಡಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಗಿದೆ. ನಾವು ಹೊರನಾಡಿನವರು ಮಕ್ಕಳ ಕನ್ನಡದಲ್ಲಿ ಪರಭಾಷೆಯ ಪದಗಳು ಬೆರೆತವೆಂದು ಬಹಳ ಚಿಂತಿಸುತ್ತೇವೆ. ‘ಟ್ರೈ ಮಾಡಿದೆ’, ‘ಫೋನ್ ಮಾಡ್ತೀನಿ’ ಎಂದರೆ ಮುಖ ಸಿಂಡರಿಸುತ್ತೇವೆ. ಮೊನ್ನೆ ಒಬ್ಬ ಹುಡುಗ ‘ನಾನು ಪ್ರಯತ್ನಿಂಚಿದೆ’ ಎಂದ. ನಮ್ಮ ‘ಇಸು’ವಿನ ಜಾಗದಲ್ಲಿ ತೆಲುಗಿನ ‘ಇಂಚು’ ಬಂದಿತ್ತು. ಆದರೂ ಕೊನೆಯ ‘ದೆ’ ಕನ್ನಡದ್ದೇ. ವಾಕ್ಯ ಕನ್ನಡದ ವಾಕ್ಯವೇ. ಧಾತುಗಳನ್ನು ಎಲ್ಲ ಭಾಷೆಗಳೂ ಸಾಲ ತರುತ್ತವೆ. ಸಂಸ್ಕೃತದಿಂದ ನಾವು ತಂದ ಪದಗಳಿಗೆಲ್ಲ ‘ಇಸು’ ಹಚ್ಚಿ ಚಿಂತಿಸು, ಪೂಜಿಸು ಎಂದು ನಮ್ಮದು ಮಾಡಿಕೊಂಡೆವು. ಫ್ರೆಂಚಿನವರು ಟೆಲಿಫೋನು ಬಂದಾಗ ಅದಕ್ಕೆ ತಮ್ಮ ಬಾಲವನ್ನು ಹಚ್ಚಿ ಟೆಲಿಫೋನೆ ಎಂದರು. ‘ನಾವು ಫೋನ್ ಮಾಡುತ್ತೇವೆ’ ಎನ್ನಲು ನೂ ಟೆಲಿಫೋನೋಂ, ಪಾರ್ಲೋಂ ಇದ್ದ ಹಾಗೆಯೇ. ‘ಅತ್ತೆ ಬಂತು’ ಎಂಬಲ್ಲಿಯಾದರೋ ಎರಡೂ ಪದ ಅಚ್ಚ ಕನ್ನಡ, ಆದರೆ ಅವನ್ನು ಜೋಡಿಸಿದ ಕ್ರಮ ತೆಲುಗಿನದು. ಸಾಲದ ಧಾತು ಕಣ್ಣಿಗೆ ಎದ್ದು ಕಾಣುತ್ತದೆ. ಬದಲಾದ ಬಾಲ ಕಾಣುವುದಿಲ್ಲ. ಭಾಷೆ ಕೈತಪ್ಪುವುದು ಬಾಲದ ಕಡೆಯಿಂದ.

ಬಾಲಗಳಿಗಾಗಿ ದೊಡ್ಡವರು ದಶಕಗಟ್ಟಲೆ ಜಗಳವಾಡಿದ ನಾಡು ನಾವಿರುವ ಈ ಉತ್ತರಾಂಧ್ರ. ಗಿಡುಗು ರಾಮಮೂರ್ತಿ ಪಂತುಲು (1863-1940) ಪಾಠಪುಸ್ತಕಗಳಲ್ಲಿ ಜನ ಆಡುವ ತೆಲುಗು ಬರಬೇಕೆಂದು ಹೋರಾಡಿದವರು. ಅವರ ಜನ್ಮದಿನವಾದ ಆಗಸ್ಟ್ 29ನ್ನೇ ತೆಲುಗು ಭಾಷಾ ದಿನವೆಂದು ಆಚರಿಸುತ್ತಾರೆ. ವಿಜಯನಗರದ ಗುರಜಾಡ ಅಪ್ಪಾರಾವ್, ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಪಿ.ಟಿ. ಶ್ರೀನಿವಾಸ ಅಯ್ಯಂಗಾರ್ ಅವರ ಜೊತೆಗಿದ್ದರು. ‘ಚೇಯುಚುನ್ನಾಡು’ ಎಂದು ಗ್ರಾಂಥಿಕವಾಗಿ ಬರೆಯಬೇಕೋ, ‘ಚೇಸ್ತುನ್ನಾಡು’ ಎಂದು ಬಾಯಲ್ಲಿದ್ದಂತೆ ಬರೆಯಬೇಕೋ ಎಂಬಂಥ ಪ್ರಶ್ನೆಗಳು ಆ ವಾದದಲ್ಲಿ ಎದ್ದವು. ಮುಂದೆ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಓದಿದ ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನ ಧಾತುಗಳನ್ನು ಸೋದರ ಭಾಷೆಗಳ ಧಾತುಗಳೊಡನೆ ಹೋಲಿಸಿ ‘ತೆಲುಗು ವರ್ಬಲ್ ಬೇಸಸ್’ ಎಂಬ ಗ್ರಂಥವನ್ನು 1961ರಲ್ಲಿ ಪ್ರಕಟಿಸಿದರು. 2012ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ನಮ್ಮ ಕನ್ನಡಕ್ಕೆ ಇಂಥ ಕೆಲಸ ಮಾಡಿದವರಲ್ಲಿ ಪರದೇಶದವರೂ ಇದ್ದರು. ಜರ್ಮನಿಯಿಂದ ಬಂದ ಕಿಟೆಲ್ 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಕೊಟ್ಟರು, 1903ರಲ್ಲಿ ವ್ಯಾಕರಣವನ್ನು ಕೊಟ್ಟರು. ಹೊರಗಿನಿಂದ ಬಂದವನ ಕಣ್ಣಿಗೆ ಗೆಣ್ಣು ಬೇಗ ಕಾಣುತ್ತದೆ. ನಮ್ಮ ಮಕ್ಕಳು ಕನ್ನಡಕ್ಕೆ ಅರ್ಧ ಒಳಗಿನವರು, ಅರ್ಧ ಹೊರಗಿನವರು. ಅದನ್ನು ಕೊರತೆಯೆಂದು ಎಣಿಸದೆ ಅನುಕೂಲವೆಂದು ಬಳಸಿಕೊಳ್ಳಬಹುದು.

ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮಕ್ಕಳಿಗೆ ಕನ್ನಡ ಕಲಿಸಲು ಕೂತಾಗ ಅಆಇಈ ತಿದ್ದಿಸುವ ಜೊತೆಗೆ, ವಾರಕ್ಕೆ ಒಂದೇ ಒಂದು ಧಾತುವನ್ನು ತೆಗೆದುಕೊಂಡು ಬಾಲಗಳನ್ನು ಹಚ್ಚುವ ಆಟವನ್ನು ಆಡಿಸಿ. ಒಂದು ವಾರ ‘ಬರು’, ಇನ್ನೊಂದು ವಾರ ‘ತಿನ್ನು’. ಪುಸ್ತಕದ ‘ಮಾಡುತ್ತಾಳೆ’ ಆಮೇಲೆ ಬರಲಿ. ಮೊದಲು ಮನೆಯ ‘ಮಾಡ್ತಾಳೆ’ಯನ್ನೇ ಕಡಿಯಲಿ. ಮೊದಲು ಚಪ್ಪಾಳೆ ತಟ್ಟಿ ಬಾಯಿಯ ತುಂಡುಗಳನ್ನು ಎಣಿಸಲಿ, ಆಮೇಲೆ ಅರ್ಥದ ತುಂಡುಗಳನ್ನು ಹುಡುಕಲಿ. ಪಕ್ಕದಲ್ಲಿ ತೆಲುಗಿನದನ್ನೂ ಬರೆಯಲಿ, ಶಾಲೆಯಲ್ಲಿ ಕಲಿಯುತ್ತಿರುವ ಹಿಂದಿಯೋ ಫ್ರೆಂಚೋ ಇದ್ದರೆ ಅದನ್ನೂ ಬರೆಯಲಿ. ಊರಿಗೆ ಹೋಗುವ ಮುನ್ನ ನೆಂಟರಿಗೂ ಒಂದು ಮಾತು ತಿಳಿಸಿಟ್ಟಿರಿ: ಮಗು ‘ಅತ್ತೆ ಬಂತು’ ಎಂದರೆ ನಗುವುದು ಬೇಡ. “ಹೌದಾ, ಅತ್ತೆ ಬಂದಳಾ?” ಎಂದು ಸರಿಯಾದ ಬಾಲವನ್ನು ಹಚ್ಚಿ ತಿರುಗಿ ಹೇಳಿದರೆ ಸಾಕು. ಮಗು ಕೇಳಿಸಿಕೊಳ್ಳುತ್ತದೆ.